‘ಸಾಹೇಬ್ರು ಇಲ್ವಾ?’

ಮಂಡ್ಯ
ಭಾನುವಾರ

ಮಗಳೇ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಕಾಗದ ಬಂದು ನಾಲ್ಕು ದಿನ ಆಯಿತು. ಪೊಲೀಸ್ ಅಕಾಡೆಮಿಯ ಮೆಸ್ ಊಟ, ಬೆಳಗಿನ ಓಟ, ಬಲಗಾಲಿನ ಬೊಬ್ಬೆ ಎಲ್ಲವನ್ನೂ ನಿಮ್ಮ ದೊಡ್ಡಮ್ಮನಿಗೆ ಓದಿ ಹೇಳಿದೆ. ಕೊನೇ ಪುಟದ ಒಂದು ಸಾಲು ಮಾತ್ರ ಓದಲಿಲ್ಲ. ‘ಸ್ಟೇಷನ್‌ನಲ್ಲಿ ನಾನು ಎದುರಿಗೇ ಕೂತಿದ್ದರೂ, ಜನ ನನ್ನ ತಲೆ ಮೇಲಿಂದ ಹಿಂದಕ್ಕೆ ನೋಡಿ ಸಾಹೇಬ್ರು ಇಲ್ವಾ ಅಂತ ಕೇಳಿದರೆ ಏನು ಮಾಡಲಿ ದೊಡ್ಡಪ್ಪ?’ ನೀನು ಸುಮ್ನೆ ಬರೆದೆಯೋ ಏನೋ. ನನಗೆ ಆವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಕೇಳುತ್ತಾರೆ ಕಣವ್ವ. ಕೇಳಲ್ಲ ಅಂತ ನಿನಗೆ ಸುಳ್ಳು ಹೇಳಲಾರೆ. ಹಾಗೆ ಕೇಳಿದಾಗ ಹಿಂದೆ ಕೂತಿದ್ದವನು ನಾನೇ.

ಮೈಸೂರಲ್ಲಿ ದಫೇದಾರನಾಗಿದ್ದಾಗಿನ ಮಾತು. ಠಾಣೆ ಹೆಸರು ಬೇಡ. ನಮ್ಮಲ್ಲಿಗೆ ಮೊದಲ ಸಲ ಒಬ್ಬ ಹೆಣ್ಣುಮಗಳು ಡ್ಯೂಟಿಗೆ ಬಂದಿದ್ದಳು. ಆಗಿನ್ನೂ ಖಾಕಿ ಸೀರೆ. ಒಂದು ರಾತ್ರಿ ಒಂಬತ್ತೂವರೆ ಇರಬೇಕು, ಒಬ್ಬ ಹೆಂಗಸು ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತಾ ಬಂದಳು. ಗಂಡನ ಮೇಲೆ ದೂರು. ನಮ್ಮ ಹುಡುಗಿ ‘ಕೂತ್ಕೊಳ್ಳಮ್ಮ’ ಅಂದು ಹಾಳೆ ತೆಗೆದು ಹೆಸರು, ವಿಳಾಸ ಬರೆದುಕೊಂಡಳು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಆ ಹೆಂಗಸು ಕತ್ತು ಚಾಚಿ, ‘ಸಾಹೇಬ್ರು ಇಲ್ವಾ?’ ಅಂದಳು. ನಾನು ಟೀ ಲೋಟ ಕೆಳಗಿಟ್ಟೆ. ‘ಏನಮ್ಮ, ಇಲ್ಲಿ ಬಾ’ ಅಂದೆ. ನಾನೇನು ಸಾಹೇಬನಾ? ತೋಳಿನ ಮೇಲೆ ಮೂರು ಪಟ್ಟಿ, ಅಷ್ಟೇ. ಹುಡುಗಿ ಪೆನ್ನಿಗೆ ಕ್ಯಾಪ್ ಹಾಕಿದಳು. ಟಕ್ ಅಂತ ಶಬ್ದ ಬಂತು. ಬರೆದಿದ್ದ ಹಾಳೆಯನ್ನು ನನ್ನ ಮೇಜಿನ ಮೇಲೆ ತಂದಿಟ್ಟು, ಆಕೆಗೆ ನೀರು ತರಲು ಎದ್ದು ಹೋದಳು.

ಹೊಸಬಳು ಪಾಪ, ಸಹಾಯ ಮಾಡಿದೆ ಅಂತಲೇ ನಾನು ಅಂದುಕೊಂಡಿದ್ದೆ. ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ.

ನಿನ್ನ ಸಾಲು ತಲೆಯಲ್ಲಿ ಕೊರೆಯುತ್ತಿತ್ತಲ್ಲ, ಬೇರೆ ಕಡೆ ಮೊದಲು ಹೋದವರಿಗೆ ಏನಾಯಿತು ಅಂತ ಮೊಮ್ಮಗನ ಹತ್ತಿರ ಫೋನಿನಲ್ಲಿ ಹುಡುಕಿಸಿದೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಆಲಿಸ್ ಸ್ಟೆಬಿನ್ಸ್ ವೆಲ್ಸ್ ಅಂತ ಒಬ್ಬಾಕೆ. ಪೊಲೀಸರಲ್ಲಿ ಹೆಂಗಸರೂ ಬೇಕು ಅಂತ ಊರಿನ ನೂರು ಜನರ ಸಹಿ ಹಾಕಿಸಿ ಅರ್ಜಿ ಕೊಟ್ಟು, 1910ರ ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿದಳು. ಕೈಗೆ ಕೊಟ್ಟಿದ್ದೇನು? ಒಂದು ಬಿಲ್ಲೆ, ನಿಯಮದ ಪುಸ್ತಕ, ಪ್ರಥಮ ಚಿಕಿತ್ಸೆಯ ಪುಸ್ತಕ, ರಸ್ತೆ ಬದಿಯ ಪೊಲೀಸ್ ಫೋನ್ ಪೆಟ್ಟಿಗೆಯ ಬೀಗದ ಕೈ. ಪಿಸ್ತೂಲು ಇಲ್ಲ. ಯೂನಿಫಾರಂ ತಾನೇ ಹೊಲಿದುಕೊಂಡಳಂತೆ. ಆಗ ಅಲ್ಲಿ ಪೊಲೀಸರಿಗೆ ಟ್ರಾಮ್‌ನಲ್ಲಿ ಟಿಕೆಟ್ ಇಲ್ಲ. ಇವಳು ಹತ್ತಿ ಬಿಲ್ಲೆ ತೋರಿಸಿದರೆ, ಗಂಡನ ಬಿಲ್ಲೆ ತಂದು ಬಿಟ್ಟಿ ಓಡಾಡುತ್ತಿದ್ದಾಳೆ ಅಂದುಬಿಟ್ಟ ಕಂಡಕ್ಟರು! ನನಗೆ ನಗು ಬಂತು. ಆಮೇಲೆ ಟೀ ಲೋಟ ನೆನಪಾಯಿತು. ಅವನೂ ಅವಳ ಹಿಂದೆ ಒಬ್ಬ ಸಾಹೇಬನನ್ನೇ ಹುಡುಕಿದ್ದು, ಅಲ್ವಾ? ಕೊನೆಗೆ ಇಲಾಖೆಯವರು ‘ಪೊಲೀಸ್‌ವುಮನ್’ ಅಂತ ಬರೆದ ಒಂದನೇ ನಂಬರಿನ ಬಿಲ್ಲೆ ಮಾಡಿಸಿಕೊಟ್ಟರು. ಆಕೆ ರಿಟೈರ್ ಆಗಿದ್ದು 1940ರಲ್ಲಿ. ಮೂವತ್ತು ವರ್ಷ.

ಹರೆಯದ ಹುಡುಗಿಯರನ್ನು ಹೆಣ್ಣು ಪೊಲೀಸರೇ ವಿಚಾರಿಸಬೇಕು ಅಂತ ಅಲ್ಲಿ ನಿಯಮವೂ ಬಂತಂತೆ. ನಮ್ಮಲ್ಲೂ ಅತ್ಯಾಚಾರದಂಥ ಕೇಸಿನಲ್ಲಿ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ನಿನಗೆ ಪಾಠ ಆಗಿರುತ್ತೆ. ಆಗ ಜನ ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಒಳ್ಳೆಯದೇ. ಆದರೆ ನಿನ್ನ ಕೆಲಸ ಅಷ್ಟೇ ಅಂತ ಮೂಲೆಗೆ ಕೂರಿಸುವವರೂ ಇರುತ್ತಾರೆ. ಆವತ್ತಿನ ಮೇಲೆ ನಾವು ಆ ಹುಡುಗಿಗೆ ಮಾಡಿದ್ದು ಅದನ್ನೇ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳು ಅವಳಿಗೆ. ಹೆಣ್ಣು ಆರೋಪಿಗಳನ್ನು ಕೋರ್ಟಿಗೆ ಕರೆದೊಯ್ಯುವುದು ಅವಳಿಗೆ. ಮೇಜು ಮಾತ್ರ ನನಗೆ. ಕಳ್ಳತನ, ಆಕ್ಸಿಡೆಂಟು ಏನೇ ಬಂದರೂ ನನಗೂ ತನಿಖೆ ಕೊಡಿ ಅಂತ ನೀನು ಬಾಯಿ ಬಿಟ್ಟು ಕೇಳು. ಹೀಗೆ ಹೇಳುವ ಹಕ್ಕು ನನಗಿಲ್ಲ, ಗೊತ್ತು.

ನೀಲಮಣಿ ರಾಜು 2017ರಲ್ಲಿ ರಾಜ್ಯದ ಮೊದಲ ಮಹಿಳಾ ಪೊಲೀಸ್ ಮುಖ್ಯಸ್ಥೆ ಆದಾಗ ನಾನು ರಿಟೈರ್ ಆಗಿದ್ದೆ. ಮಾರನೇ ವರ್ಷ ಅವರ ಕಾಲದಲ್ಲೇ ಸೀರೆ ಹೋಗಿ ಪ್ಯಾಂಟು ಶರ್ಟು ಬಂತು. ಪೇಪರಿನಲ್ಲಿ ಓದಿ ಖುಷಿಪಟ್ಟೆ. ಆದರೆ ಅಷ್ಟು ದೊಡ್ಡ ಕುರ್ಚಿಯ ಹಿಂದೆ ಇಣುಕಿ ನೋಡುವ ಧೈರ್ಯ ಯಾರಿಗಿದೆ? ನಿನ್ನ ಭಯ ಇರುವುದು ಠಾಣೆಯ ಮೇಜಿನ ಹತ್ತಿರ. ಅಲ್ಲಿಗೆ ಬರುವವರು ಅಳುತ್ತಾ, ಹೆದರಿಕೊಂಡು ಬರುತ್ತಾರೆ. ಅವರಿಗೆ ಮೀಸೆ ಕಂಡರೆ ಧೈರ್ಯ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಹಿಂದೆ ಕೂತವನ ಮೇಲೆ ಬೇಕಾದರೆ ಮಾಡಿಕೋ.

ಏನು ಮಾಡಲಿ ಅಂತ ಕೇಳಿದ್ದೀಯ. ನನಗೆ ತೋಚಿದ್ದು ಇಷ್ಟೇ. ಬರೆಯುವುದನ್ನು ನಿಲ್ಲಿಸಬೇಡ. ‘ಸಾಹೇಬ್ರು ಇಲ್ವಾ’ ಅಂದರೆ ‘ನಾನೇ ಎಸ್‌ಐ, ಹೇಳಮ್ಮ’ ಅಂತ ಮುಂದಿನ ಪ್ರಶ್ನೆ ಕೇಳು. ಪೆನ್ನಿಗೆ ಕ್ಯಾಪ್ ಹಾಕಬೇಡ. ಇದೂ ಒಂದು ಸಲಹೆನಾ ಅಂತ ನಗುತ್ತೀಯೇನೋ.

ಇನ್ನೊಂದು. ನೀರು ಕುಡಿ. ದಸರಾ ಬಂದೋಬಸ್ತಿಗೆ ನಮ್ಮ ಠಾಣೆಯ ಆ ಹುಡುಗಿ ಸಯ್ಯಾಜಿರಾವ್ ರಸ್ತೆಯಲ್ಲಿ ಹಗ್ಗ ಹಿಡಿದು ನಿಂತರೆ ಜಂಬೂಸವಾರಿ ದಾಟುವವರೆಗೂ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ‘ಬಾಯಾರಿಕೆ ಆಗಲ್ವೇನಮ್ಮ’ ಅಂತ ಎಲ್ಲರೆದುರು ತಮಾಷೆ ಮಾಡಿದ್ದೆ. ಅವಳು ಯಾಕೆ ಕುಡಿಯುತ್ತಿರಲಿಲ್ಲ ಅಂತ ನನ್ನ ಮಂದಬುದ್ಧಿಗೆ ಹೊಳೆಯಲು ನಿನ್ನ ಅಕ್ಕ ಕೆಲಸಕ್ಕೆ ಸೇರಬೇಕಾಯಿತು. ಡ್ಯೂಟಿ ಹಾಕಿದ ಜಾಗದಲ್ಲಿ ಶೌಚಾಲಯ ಎಲ್ಲಿದೆ ಅಂತ ಮೊದಲು ಕೇಳಿಕೋ. ನಿನ್ನ ಕೈಕೆಳಗಿನ ಹುಡುಗಿಯರ ಪರವಾಗಿಯೂ ನೀನೇ ಕೇಳು.

ಆ ಹುಡುಗಿ ಬೇರೆ ಕಡೆಗೆ ವರ್ಗ ಆಗಿ ಹೋದಳು. ಹೋಗುವ ದಿನ ನನಗೂ ನಮಸ್ಕಾರ ಮಾಡಿ, ‘ಬರ್ತೀನಿ ಸಾರ್’ ಅಂದಳು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಪಾಸಿಂಗ್ ಔಟ್ ಪರೇಡಿಗೆ ಬರುತ್ತೇನೆ. ಮಂಡಿನೋವು ಅಂತ ಬೇಡ ಅನ್ನಬೇಡ. ನೀನು ಎರಡು ಸ್ಟಾರ್ ಹಾಕಿಕೊಂಡು ಪಕ್ಕದಲ್ಲಿ ನಿಂತಿರುವಾಗ, ಗೇಟಿನಲ್ಲಿ ಯಾರಾದರೂ ನನ್ನ ಬಿಳಿ ಮೀಸೆ ನೋಡಿ ‘ಸಾರ್’ ಅಂತ ನನ್ನನ್ನು ಕೇಳಿದರೆ, ಚಪ್ಪಲಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಬಗ್ಗಿಬಿಡುತ್ತೇನೆ. ಮಾತು ನೀನೇ ಆಡಬೇಕು.

ದೊಡ್ಡಮ್ಮ ಕೋಡುಬಳೆ ಕರಿಯುತ್ತಿದ್ದಾಳೆ. ಎಷ್ಟು ಜನ ರೂಮಿನಲ್ಲಿದ್ದೀರಿ, ಬರೆ.

ನಿನ್ನ ದೊಡ್ಡಪ್ಪ