ಗೆಳೆಯನಿಗೊಂದು ಪತ್ರ: ಅರ್ಲ್‌ಗಳ ಡಾಕ್ಟರ್

ಗೆಳೆಯಾ,

ದೊಡ್ಡವರ ಮನೆಯ ಪೇಷೆಂಟುಗಳು ನಡುರಾತ್ರಿ ಫೋನ್ ಮಾಡಿ ಜೀವ ತಿನ್ನುತ್ತಾರೆ ಅಂತ ಗೊಣಗಿದ್ದೆಯಲ್ಲ. ಅಂಥವರ ಮನೆಗೆ ಕುದುರೆ ಏರಿ ಹೋಗುತ್ತಿದ್ದ ಒಬ್ಬ ವೈದ್ಯನ ಕಥೆ ಹೇಳುತ್ತೇನೆ ಕೇಳು. ಜಾನ್ ಹಾಲ್ ಅಂತ. ಊರು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್. ಕೇಂಬ್ರಿಜ್‌ನಲ್ಲಿ ಎಂಎ ಮಾಡಿದ್ದ. ವೈದ್ಯಕೀಯ ಪದವಿ ಪಡೆದ ದಾಖಲೆ ಮಾತ್ರ ಇಲ್ಲ, ನಗಬೇಡ!

1607ರಲ್ಲಿ ಶೇಕ್ಸ್‌ಪಿಯರ್‌ನ ಹಿರಿಮಗಳು ಸುಸಾನಾಳನ್ನು ಮದುವೆಯಾದ. ಹಾಗಾಗಿ ಎಲ್ಲರೂ ಅವನು ಪೇಷೆಂಟುಗಳ ಬಗ್ಗೆ ಬರೆದಿಟ್ಟ ಟಿಪ್ಪಣಿ ಪುಸ್ತಕದಲ್ಲಿ ಮಾವನ ಕೊನೇ ಕಾಯಿಲೆಯನ್ನೇ ಹುಡುಕುತ್ತಾರೆ. ಅದು ಅಲ್ಲಿಲ್ಲ, ಬಿಡು. ನನಗೆ ಹಿಡಿಸಿದ್ದು ಉಳಿದ ಪೇಷೆಂಟುಗಳು.

ನಾರ್ಥಾಂಪ್ಟನ್‌ನ ಅರ್ಲ್ (ಅಲ್ಲಿನ ದೊಡ್ಡ ಶ್ರೀಮಂತ ಮನೆತನದವರ ಬಿರುದು) ಮತ್ತು ಅವನ ಹೆಂಡತಿ ಇವನನ್ನೇ ನಂಬಿದ್ದರು. ಅರ್ಲ್ ವೇಲ್ಸ್ ಆಡಳಿತ ನೋಡಿಕೊಳ್ಳುತ್ತಾ ಲಡ್ಲೋ ಕೋಟೆಯಲ್ಲಿದ್ದ. ನೇರ ಗೆರೆ ಎಳೆದರೂ ಸ್ಟ್ರಾಟ್‌ಫರ್ಡ್‌ನಿಂದ ಎಪ್ಪತ್ತು ಕಿಲೋಮೀಟರ್. ಇಷ್ಟು ದೊಡ್ಡವರ ಸಹವಾಸ ಇದ್ದೂ, 1626ರಲ್ಲಿ ರಾಜ ಕೊಡುವ ನೈಟ್ ಪದವಿ ಬೇಡ ಅಂದು 10 ಪೌಂಡ್ ದಂಡ ಕಟ್ಟಿದ. ನನಗಂತೂ ಆಗಲೇ ಇಷ್ಟವಾಗಿಬಿಟ್ಟ.

ಪುಸ್ತಕದಲ್ಲಿ ಅಂತಸ್ತಿಗೆ ಬೆಲೆ ಇಲ್ಲ. ಯಾರೇ ಬರಲಿ, ಮೊದಲು ವಾಂತಿ, ಭೇದಿ. ಕವಿ ಮೈಕೇಲ್ ಡ್ರೇಟನ್‌ಗೆ ದಿನ ಬಿಟ್ಟು ದಿನ ಜ್ವರ ಬಂದಾಗ, ವಾಂತಿ ಮಾಡಿಸುವ ಔಷಧಕ್ಕೆ ಒಂದು ಚಮಚ ವಯೊಲೆಟ್ ಹೂವಿನ ಸಿರಪ್ ಬೆರೆಸಿ ಕೊಟ್ಟ. ಮೇಲೂ ಕೆಳಗೂ ಚೆನ್ನಾಗಿ ಕೆಲಸ ಮಾಡಿತು ಅಂತ ಬರೆದಿಟ್ಟಿದ್ದಾನೆ. ಇವನು ಕಟ್ಟಾ ಪ್ರಾಟೆಸ್ಟೆಂಟ್, ಆದರೂ ಕ್ಯಾಥೊಲಿಕ್ ಮನೆಯವರನ್ನೂ ಅಷ್ಟೇ ಮುತುವರ್ಜಿಯಿಂದ ನೋಡಿದ.

ಅವನ ನಿಜವಾದ ಕೈಗುಣ ಕಾಣೋದು ಸ್ಕರ್ವಿಯಲ್ಲಿ. ಹಡಗಿನವರ ಕಾಯಿಲೆ ಅಂತೀವಲ್ಲ, ಅದು ಮಹಲುಗಳಲ್ಲೂ ಇತ್ತು. ಹಾಲ್ ನೀರಂಚಿನಲ್ಲಿ ಬೆಳೆಯುವ ವಾಟರ್‌ಕ್ರೆಸ್, ಬ್ರೂಕ್‌ಲೈಮ್ ಎಂಬ ಸೊಪ್ಪುಗಳು, ಜೊತೆಗೆ ಸ್ಕರ್ವಿ ಸೊಪ್ಪು ತರಿಸಿ ಬಿಯರ್‌ಗೆ ಹಾಕಿ ಕುಡಿಸುತ್ತಿದ್ದ. ಸ್ಕರ್ವಿ ಬರೋದು ವಿಟಮಿನ್ ಸಿ ಕೊರತೆಯಿಂದ, ಆ ಸೊಪ್ಪುಗಳಲ್ಲಿ ಅದಿದೆ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಹಡಗಿನಲ್ಲಿ ನಿಂಬೆ, ಕಿತ್ತಳೆ ಕೊಟ್ಟು ನೋಡಿದ್ದು 1747ರಲ್ಲಿ, ಹಾಲ್ ಸತ್ತು ನೂರು ವರ್ಷ ದಾಟಿದ ಮೇಲೆ.

ಎಲ್ಲವೂ ಹೀಗೇ ಅಂದುಕೊಳ್ಳಬೇಡ. ಸುಸಾನಾಗೆ ಹೊಟ್ಟೆ ಹಿಂಡುವ ನೋವು ಬಂದಾಗ ಒಂದು ಪಿಂಟ್ (ಸುಮಾರು ಅರ್ಧ ಲೀಟರ್) ಸ್ಪೇನಿನ ವೈನ್ ಬಿಸಿ ಮಾಡಿಸಿ ಎನಿಮಾ ಕೊಡಿಸಿದ. ಗಾಳಿ ಹೋಯಿತು, ನೋವೂ ಹೋಯಿತು. 1632ರಲ್ಲಿ ತಾನೇ ಮಲಗಿದಾಗ ಜೀವಂತ ಪಾರಿವಾಳವನ್ನು ಸೀಳಿ ಪಾದಕ್ಕೆ ಕಟ್ಟಿಸಿಕೊಂಡ. ತಲೆಗೇರಿದ ಆವಿ ಕೆಳಗಿಳಿಯಲಿ ಅಂತ! ಮೂರು ವರ್ಷ ಬದುಕಿದ ಮಾರಾಯ.

ಇದೆಲ್ಲ ನಮಗೆ ಸಿಕ್ಕಿದ್ದು ಅದೃಷ್ಟದಿಂದ. 1640ರ ದಶಕದ ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ ಜೇಮ್ಸ್ ಕುಕ್ ಎಂಬ ಸರ್ಜನ್, ವಿಧವೆ ಸುಸಾನಾಳ ಮನೆಗೆ ಪುಸ್ತಕ ನೋಡಲು ಹೋದ. ಯಾರೋ ವೈದ್ಯರು ಗಂಡನ ಹತ್ತಿರ ಬಿಟ್ಟುಹೋದವು ಅಂತ ಆಕೆ ಒಂದಿಷ್ಟು ತಂದಿಟ್ಟಳು. ಕುಕ್‌ಗೆ ಹಾಲ್‌ನ ಕೈಬರಹ ಗೊತ್ತಿತ್ತು. ಇದು ನಿಮ್ಮ ಯಜಮಾನರದೇ ಅಂದರೆ ಆಕೆ ಒಪ್ಪಲೇ ಇಲ್ಲ. ಆಕೆಗೆ ಸಿಟ್ಟು ಬರುವ ಹಾಗಿದೆ ಅಂತ ಗೊತ್ತಾಗಿ, ಸುಮ್ನೆ ದುಡ್ಡು ಕೊಟ್ಟು ಎತ್ತಿಕೊಂಡು ಬಂದ. ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದು 1657ರಲ್ಲಿ ಅಚ್ಚು ಹಾಕಿಸಿದ.

ಇನ್ನು ನಿನ್ನ ವಿಐಪಿಗಳ ಸುದ್ದಿ ಬರೆ. ಹೆಸರು ಬೇಡ, ಕಾಯಿಲೆ ಸಾಕು.

ನಿನ್ನವನು