ದುರಸ್ತಿ ಬೇಕಿರುವ ವಾಹನಗಳ ಹಳೆಯ ಬಿಡಿಭಾಗಗಳ ಮಾರಾಟದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೂ ಮೆಕ್ಯಾನಿಕ್, ಆಟೋ ಎಲೆಕ್ಟ್ರಿಷಿಯನ್ ಮಿತ್ರರಿಗೂ ನಮಸ್ಕಾರಗಳು.

ಬರುವ ತಿಂಗಳ 1ನೇ ತಾರೀಕಿನಿಂದ ದುರಸ್ತಿ ಬೇಕಿರುವ ಯಾವ ಬಿಡಿಭಾಗವನ್ನೂ ಬಾಯಿಮಾತಿನ ಮೇಲೆ ಮಾರುವುದಿಲ್ಲ. ಅದರಲ್ಲಿ ಏನು ಕೆಟ್ಟಿದೆ ಎಂಬುದನ್ನು ಬಿಲ್ಲಿನಲ್ಲಿ ಬರೆಯುತ್ತೇವೆ, ವಸ್ತುವಿನ ಮೇಲೆ ಕೆಂಪು ಬಣ್ಣದ ಗುರುತು ಹಾಕುತ್ತೇವೆ, ತಂತಿಯಲ್ಲಿ ಒಂದು ಚೀಟಿ ಕಟ್ಟುತ್ತೇವೆ. ಯಾವ ವಾಹನಕ್ಕೆ ಹಾಕುತ್ತೀರಿ ಎಂದು ಕೇಳಿ ಅದರ ಸಂಖ್ಯೆಯನ್ನೂ ನಮೂದಿಸುತ್ತೇವೆ. ಬಿಲ್ಲಿಗೆ ಎರಡು ಪ್ರತಿಗಳಿರುತ್ತವೆ. ಒಂದು ಕೊಳ್ಳಲು ಬಂದವರಿಗೆ, ಇನ್ನೊಂದು ವಾಹನದ ಮಾಲೀಕರಿಗೆ. ಇದರ ಜೊತೆಗೆ, ಪರೀಕ್ಷೆ ಮಾಡಿ ಕೊಡುವ ವಿದ್ಯುತ್ ಭಾಗಗಳ ಬೆಲೆ 250 ರೂಪಾಯಿ ಹೆಚ್ಚಾಗುತ್ತದೆ.

ಕೌಂಟರಿನಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ ಎಂದು ಗೊತ್ತಿದೆ. ತುಮಕೂರು, ಕೋಲಾರದಿಂದ ಬೆಳಗಿನ ಬಸ್ಸಿಗೆ ಬಂದು, ಮಧ್ಯಾಹ್ನದೊಳಗೆ ಗ್ಯಾರೇಜಿಗೆ ವಾಪಸ್ಸಾಗಬೇಕಾದ ಮಿತ್ರರಲ್ಲಿ ಮುಂಚಿತವಾಗಿಯೇ ಕ್ಷಮೆ ಕೇಳುತ್ತೇವೆ. ಹಿಂದಿನ ದಿನ ದೂರವಾಣಿಯಲ್ಲಿ ತಿಳಿಸಿದರೆ ವಸ್ತುವನ್ನು ಪರೀಕ್ಷಿಸಿ, ಬಿಲ್ಲು ಬರೆದು ತೆಗೆದಿಟ್ಟಿರುತ್ತೇವೆ.

ಈ ಬದಲಾವಣೆ ಏಕೆ ಬೇಕಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಜೆ.ಸಿ. ರಸ್ತೆಯಲ್ಲಿ ನಮ್ಮ ಬಗ್ಗೆ ಒಂದು ಮಾತು ಓಡಾಡುತ್ತಿದೆ. ಅದು ನೇರವಾಗಿ ನಮ್ಮ ಕಿವಿಗೂ ಬಿದ್ದಿದೆ: "ಅಲ್ಲಿ ಕೊಂಡ ಡೈನಮೋ ವಾರಕ್ಕೇ ಕೆಟ್ಟಿತು, ಕೆಟ್ಟ ಮಾಲನ್ನು ತಲೆಗೆ ಕಟ್ಟುತ್ತಾರೆ."

ಡೈನಮೋ ಎಂದು ರೂಢಿಯಲ್ಲಿ ಕರೆಯುವುದು ಆಲ್ಟರ್ನೇಟರನ್ನೇ, ಅಂದರೆ ಎಂಜಿನ್ ಓಡುವಾಗ ವಿದ್ಯುತ್ ಉತ್ಪಾದಿಸಿ ಬ್ಯಾಟರಿ ತುಂಬಿಸುವ ಭಾಗವನ್ನು. ಹಾಗೆ ವಾಪಸ್ಸು ಬಂದ ಪ್ರತಿಯೊಂದು ಆಲ್ಟರ್ನೇಟರನ್ನೂ ತಂದವರ ಎದುರಿಗೇ ಬಿಚ್ಚಿದ್ದೇವೆ. ಅವುಗಳಲ್ಲಿ ಒಂದು ಬಗೆಯವು, ಕೆಟ್ಟಿವೆ ಎಂದು ನಾವೇ ಹೇಳಿ ಮಾರಿದವು. ಬೇರಿಂಗ್ ಸವೆದಿದೆ, ಕಾರ್ಬನ್ ಬ್ರಷ್ ಮುಗಿದಿದೆ, ದುರಸ್ತಿ ಮಾಡಿಸಿಯೇ ಹಾಕಿ ಎಂದು ಹೇಳಿ ಅರ್ಧ ಬೆಲೆಗೆ ಕೊಟ್ಟಿರುತ್ತೇವೆ. ಕೊಂಡವರು ಒಬ್ಬರು, ಗ್ಯಾರೇಜಿಗೆ ಒಯ್ದವರು ಇನ್ನೊಬ್ಬರು, ಜೋಡಿಸಿದವರು ಮತ್ತೊಬ್ಬರು. ಕೌಂಟರಿನಲ್ಲಿ ಆಡಿದ ಮಾತು ಗಾಡಿಯ ಯಜಮಾನರವರೆಗೆ ಹೋಗುವುದೇ ಇಲ್ಲ. ಗಾಡಿ ಹೆದ್ದಾರಿಯಲ್ಲಿ ನಿಂತಾಗ ಅವರಿಗೆ ನೆನಪಾಗುವುದು ನಮ್ಮ ಅಂಗಡಿ ಒಂದೇ. ಇದರಲ್ಲಿ ಯಾವ ಮೆಕ್ಯಾನಿಕ್ಕಿನ ಮೇಲೂ ನಾವು ತಪ್ಪು ಹೊರಿಸುತ್ತಿಲ್ಲ. ಕೆಲಸದ ಒತ್ತಡದಲ್ಲಿ ಒಂದು ಮಾತು ಮರೆತುಹೋಗುವುದು ಸಹಜ. ಆದ್ದರಿಂದಲೇ ಇನ್ನು ಅದು ಕಾಗದದ ಮೇಲೆ ಹೋಗಬೇಕು, ಯಜಮಾನರ ಕೈ ಸೇರಬೇಕು.

ಇನ್ನೊಂದು ಬಗೆಯವು ನಮ್ಮ ಪರೀಕ್ಷೆಯ ಬೆಂಚಿನ ಮೇಲೆ ಸರಿಯಾಗಿ ಚಾರ್ಜ್ ಕೊಟ್ಟು ಹೋದವು. ಬಿಚ್ಚಿದಾಗ ಒಳಗೆ ಡಯೋಡ್‌ಗಳು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಸಣ್ಣ ಭಾಗಗಳು) ಸುಟ್ಟಿರುತ್ತವೆ. ಡಯೋಡ್ ತನ್ನಷ್ಟಕ್ಕೆ ಸುಡುವುದು ಅಪರೂಪ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, ಗಾಡಿ ನಿಲ್ಲದಿದ್ದರೆ ಡೈನಮೋ ಚೆನ್ನಾಗಿದೆ ಎಂದು ತೀರ್ಮಾನಿಸುವ ಪರೀಕ್ಷೆಯೊಂದು ಇನ್ನೂ ಎಷ್ಟೋ ಕಡೆ ನಡೆಯುತ್ತಿದೆ. ಈಗಿನ ಕಾರುಗಳಲ್ಲಿ ಇದನ್ನು ಮಾಡಲೇಬಾರದು. ಬ್ಯಾಟರಿಯ ಸಂಪರ್ಕ ತಪ್ಪಿದ ಕ್ಷಣದಲ್ಲಿ ವೋಲ್ಟೇಜ್ ದಿಢೀರನೆ ಜಿಗಿಯುತ್ತದೆ. ಡಯೋಡ್ ಮಾತ್ರವಲ್ಲ, ರೆಗ್ಯುಲೇಟರ್ ಮತ್ತು ಎಂಜಿನ್ನಿನ ಕಂಪ್ಯೂಟರ್ ಕೂಡ ಹಾಳಾಗಬಹುದು. ಬೇರೆ ಗಾಡಿಯಿಂದ ಜಂಪರ್ ಕೇಬಲ್ ಹಾಕುವಾಗ ಪ್ಲಸ್ ಮೈನಸ್ ಅದಲುಬದಲಾದರೂ ಇದೇ ಗತಿ. ಬ್ಯಾಟರಿಯಲ್ಲಿ ಒಂದು ಸೆಲ್ ಸತ್ತಿದ್ದರೆ ಅದು ಎಂದಿಗೂ ತುಂಬುವುದಿಲ್ಲ. ಪಾಪ, ಆಲ್ಟರ್ನೇಟರ್ ಹಗಲೂ ರಾತ್ರಿ ಪೂರ್ಣ ಹೊರೆ ಹೊತ್ತು ಕಾದು ಸಾಯುತ್ತದೆ. ಬೆಲ್ಟನ್ನು ಅತಿಯಾಗಿ ಬಿಗಿದರೆ ಹೊಸ ಬೇರಿಂಗ್ ಕೂಡ ಬಾಳುವುದಿಲ್ಲ.

ಆದ್ದರಿಂದ ನಮ್ಮಲ್ಲಿ ಕೊಂಡ ಆಲ್ಟರ್ನೇಟರನ್ನು ಹಾಕಿಸಿದ ದಿನವೇ ಒಂದು ಮೀಟರ್ ಇಟ್ಟು ನೋಡಿಸಿ. ಎಂಜಿನ್ ನಿಂತಿರುವಾಗ, ತುಂಬಿದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ತಕ್ಷಣ ಹೊಸ ಬ್ಯಾಟರಿಗೆ ಹಣ ಸುರಿಯಬೇಡಿ. ಒಂದು ಡಯೋಡ್ ಶಾರ್ಟ್ ಆಗಿದ್ದರೂ ಬ್ಯಾಟರಿಯ ಚಾರ್ಜ್ ರಾತ್ರಿಯಿಡೀ ಸೋರಿಹೋಗುತ್ತದೆ. ನಮ್ಮಲ್ಲಿಗೆ ತನ್ನಿ, ನೋಡಿ ಹೇಳುತ್ತೇವೆ. ಅದಕ್ಕೆ ಯಾವತ್ತೂ ಹಣ ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ.

"ಅಷ್ಟು ಕಷ್ಟವಾದರೆ ಕೆಟ್ಟ ಭಾಗಗಳನ್ನು ಮಾರುವುದೇ ಬಿಟ್ಟುಬಿಡಿ" ಎಂದು ಕೆಲವರು ಸಲಹೆ ಕೊಟ್ಟಿದ್ದಾರೆ. ಅದು ನಮ್ಮಿಂದ ಆಗದು. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ ನಿಂತದ್ದು 2014ರಲ್ಲಿ. ಇಂಥ ಗಾಡಿಗಳನ್ನು ಇಟ್ಟುಕೊಂಡವರು ಇನ್ನೂ ಇದ್ದಾರೆ, ಅವರ ಪೈಕಿ ಎಲ್ಲರೂ ಹವ್ಯಾಸಕ್ಕಾಗಿ ಇಟ್ಟುಕೊಂಡವರಲ್ಲ. ಒಂದರ ರೋಟರ್ (ತಿರುಗುವ ಭಾಗ), ಇನ್ನೊಂದರ ಸ್ಟೇಟರ್ (ತಿರುಗದ ಭಾಗ) ಸೇರಿಸಿ, ಎರಡು ಕೆಟ್ಟ ಡೈನಮೋಗಳಿಂದ ಒಂದು ಒಳ್ಳೆಯದನ್ನು ಎಬ್ಬಿಸುವ ಕೈಗಳು ನಮ್ಮ ಗ್ರಾಹಕರಲ್ಲೇ ಇವೆ. ಅಂಥವರಿಗೆ ಕೆಟ್ಟ ಭಾಗವೇ ಕಚ್ಚಾ ವಸ್ತು. ಅದನ್ನು ಗುಜರಿಗೆ ತೂಕಕ್ಕೆ ಹಾಕುವುದು ನಮಗೆ ಮನಸ್ಸಿಗೆ ಒಪ್ಪದ ಕೆಲಸ. ಹಳೆಯದಕ್ಕೆ ಬಣ್ಣ ಬಳಿದು ಹೊಸದೆಂದು ಮಾರಿದವರು ನಾವಲ್ಲ ಎಂಬುದನ್ನು ಮಾತ್ರ ತಲೆಯೆತ್ತಿ ಹೇಳುತ್ತೇವೆ. ಮಸಿ ಹಿಡಿದಿದ್ದರೆ ಮಸಿಯೊಂದಿಗೇ ಕೊಟ್ಟಿದ್ದೇವೆ.

ಆದರೆ ಕೆಟ್ಟರೆ ಪ್ರಾಣಕ್ಕೇ ಅಪಾಯವಾಗುವ ಕೆಲವನ್ನು ಇಂದಿನಿಂದಲೇ ಕೈಬಿಟ್ಟಿದ್ದೇವೆ. ದುರಸ್ತಿ ಬೇಕಿರುವ ಬ್ರೇಕಿನ ಮಾಸ್ಟರ್ ಸಿಲಿಂಡರ್, ಬೂಸ್ಟರ್, ಸ್ಟೀರಿಂಗ್ ರ‍್ಯಾಕ್ ಯಾರು ಕೇಳಿದರೂ ಕೊಡುವುದಿಲ್ಲ. ಬಳಸಿದ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ಹಿಂದೆಯೂ ಇಟ್ಟಿರಲಿಲ್ಲ. ಈ ವಿಷಯದಲ್ಲಿ ದಯವಿಟ್ಟು ಒತ್ತಾಯ ಮಾಡಬೇಡಿ.

ಇನ್ನು ಬೆಲೆಯ ಮಾತು. "ಬಿಡಿಭಾಗಗಳ ಜಿಎಸ್‌ಟಿ ಇಳಿಯಿತಲ್ಲ, ನೀವೇಕೆ ಏರಿಸುತ್ತೀರಿ?" ಎಂದು ಕೇಳಿದವರು ಬಹಳ. ಶೇ. 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿರುವುದು ನಿಜ. 9,000 ರೂಪಾಯಿಯ ಹೊಸ ಭಾಗಕ್ಕೆ ಅದರಿಂದ 900 ರೂಪಾಯಿ ಉಳಿಯುತ್ತದೆ. ನಮ್ಮ ಲೆಕ್ಕ ಹಾಗಲ್ಲ. ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ತೆಗೆದುಕೊಳ್ಳದೆ ಹಳೆಯ ವಸ್ತುಗಳ ವ್ಯಾಪಾರ ಮಾಡುವ ನಮ್ಮಂಥವರು, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ತೆರಿಗೆ ಕಟ್ಟುತ್ತೇವೆ. 1,800ಕ್ಕೆ ಕೊಂಡದ್ದನ್ನು 2,600ಕ್ಕೆ ಮಾರಿದೆವು ಎನ್ನಿ. ಅಂತರ 800. ಅದರ ಮೇಲೆ ಮೊದಲು 224 ರೂಪಾಯಿ ಆಗುತ್ತಿತ್ತು, ಈಗ 144. ಇಳಿದದ್ದು 80 ರೂಪಾಯಿ. ಆ 80 ರೂಪಾಯಿಯನ್ನು ನಾವು ಜೇಬಿಗೆ ಹಾಕಿಕೊಂಡಿಲ್ಲ, ಈಗಿನ ಬೆಲೆಯಲ್ಲಿ ಕಳೆದೇ ಇದ್ದೇವೆ.

ಆ 800ರಲ್ಲಿ ತೆರಿಗೆ ಕಳೆದು ಉಳಿದ 656 ರೂಪಾಯಿಯೂ ಲಾಭವಲ್ಲ. ಬೇರಿಂಗ್ ಮತ್ತು ಬ್ರಷ್ಷನ್ನು ನಾವೂ ಹೊಸದೇ ಕೊಳ್ಳಬೇಕು. ವೈಂಡಿಂಗ್ ಸುಟ್ಟಿದ್ದರೆ ತಾಮ್ರದ ತಂತಿ ಬೇಕು. ಅದರ ದರ ಎಲ್ಲಿಗೆ ಏರಿದೆ ಎಂಬುದನ್ನು ಮನೆಯ ವೈರಿಂಗ್ ಮಾಡಿಸಿದವರು ಬಲ್ಲರು. ಪರೀಕ್ಷೆಯ ಬೆಂಚನ್ನು ತಿರುಗಿಸುವ ಮೋಟಾರಿಗೆ ವಿದ್ಯುತ್ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬೆಂಚಿನ ಮುಂದೆ ಕುಳಿತು ಸದ್ದಿನಿಂದಲೇ ದೋಷ ಹಿಡಿಯಬಲ್ಲ ಮನುಷ್ಯ ಬೇಕು. ಅಂಥವರಿಗೆ ಸರಿಯಾದ ಸಂಬಳ ಕೊಡದಿದ್ದರೆ ಅವರು ಉಳಿಯುವುದಿಲ್ಲ, ಉಳಿಯಬೇಕೆಂದು ಕೇಳುವ ಹಕ್ಕೂ ನಮಗಿಲ್ಲ. ಈ 250 ರೂಪಾಯಿ ಹೋಗುವುದು ಅಲ್ಲಿಗೇ. ಚೌಕಾಸಿ ಮಾಡುವವರು ವಸ್ತುವಿನ ಬೆಲೆಯಲ್ಲಿ ಮಾಡಿ, ಪರೀಕ್ಷೆಯ ಹಣದಲ್ಲಿ ಬೇಡ.

ವಾಪಸ್ಸಿನ ನಿಯಮವನ್ನೂ ಬಿಲ್ಲಿನ ಮೇಲೆಯೇ ಮುದ್ರಿಸುತ್ತಿದ್ದೇವೆ. ಪರೀಕ್ಷೆಯಾದ ಭಾಗದಲ್ಲಿ ದೋಷ ಕಂಡರೆ 30 ದಿನಗಳೊಳಗೆ ಬದಲಿ, ಬದಲಿ ಸಿಗದಿದ್ದರೆ ಪೂರ್ತಿ ಹಣ. ಕೆಂಪು ಗುರುತಿನ ಭಾಗಕ್ಕೆ, ಬಿಲ್ಲಿನಲ್ಲಿ ಬರೆದ ದೋಷದ ಕಾರಣಕ್ಕಾಗಿ ವಾಪಸ್ಸು ಇಲ್ಲ. ಬರೆಯದೇ ಇದ್ದ ಬೇರೆ ದೋಷ ಒಳಗಿದ್ದರೆ ಅದಕ್ಕೂ ಇದೇ 30 ದಿನ. ಈ ಅವಧಿಯನ್ನು ಸುಮ್ಮನೆ ಇಟ್ಟದ್ದಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳದಿದ್ದರೆ 30 ದಿನಗಳೊಳಗೆ ವಾಪಸ್ಸು ಪಡೆಯಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ಲಿನಲ್ಲಿ ಕಡಿಮೆ ದಿನ ಬರೆದುಕೊಳ್ಳಬಹುದಿತ್ತು. ನಮಗೆ ಅದು ಬೇಡವೆನಿಸಿತು.

ಬಿಲ್ಲಿಲ್ಲದೆ ಕೊಡಿ, ಸ್ವಲ್ಪ ಕಡಿಮೆ ಮಾಡಿ ಎಂದು ಕೇಳುವ ಹಳೆಯ ಸ್ನೇಹಿತರಿಗೆ ಒಂದು ವಿನಂತಿ. ನಿಮ್ಮ ಮೇಲೆ ಅಪನಂಬಿಕೆಯಿಂದ ಇದನ್ನು ತಂದಿಲ್ಲ. ನೀವು ಕೊಂಡದ್ದು ಮುಂದೆ ಯಾರದೋ ಸಂಸಾರ ಕೂತು ಹೋಗುವ ಗಾಡಿಯೊಳಗೆ ಸೇರುತ್ತದೆ. ಅವರಿಗೆ ನೀವೂ ಗೊತ್ತಿಲ್ಲ, ನಾವೂ ಗೊತ್ತಿಲ್ಲ. ಎಷ್ಟೇ ಹಳೆಯ ಪರಿಚಯವಿದ್ದರೂ ಬಿಲ್ಲಿಲ್ಲದೆ ವಸ್ತು ಹೊರಗೆ ಹೋಗುವುದಿಲ್ಲ. ದುರಸ್ತಿಯನ್ನೂ ನಮ್ಮಲ್ಲೇ ಮಾಡಿಸುವುದಾದರೆ ಭಾಗಗಳ ಖರ್ಚು ಮತ್ತು ಕೂಲಿಯನ್ನು ಬೇರೆ ಬೇರೆ ಬರೆದು ಮೊದಲೇ ತೋರಿಸುತ್ತೇವೆ, ನೀವು ಒಪ್ಪಿದ ಮೇಲೆಯೇ ಬಿಚ್ಚುತ್ತೇವೆ.

ಈಗಾಗಲೇ ದುರಸ್ತಿಗೆ ಬಿಟ್ಟು ಹೋಗಿರುವ ಡೈನಮೋ, ಸೆಲ್ಫ್ ಮೋಟಾರುಗಳನ್ನು ಹಳೆಯ ದರದಲ್ಲೇ ಮುಗಿಸಿ ಕೊಡುತ್ತೇವೆ. ಕೊಟ್ಟ ಚೀಟಿ ಕಳೆದುಹೋಗಿದ್ದರೂ ಚಿಂತೆಯಿಲ್ಲ, ಗಾಡಿಯ ಸಂಖ್ಯೆ ಹೇಳಿದರೆ ಸಾಕು. ಹಿಂದೆ ಬಾಯಿಮಾತಿನ ಮೇಲೆ ಕೊಂಡ ಭಾಗದ ಬಗ್ಗೆ ಯಾರಿಗಾದರೂ ಅನುಮಾನವಿದ್ದರೆ, ಈ ತಿಂಗಳ ಕೊನೆಯೊಳಗೆ ಗಾಡಿಯ ಸಮೇತ ಬನ್ನಿ. ಭಾನುವಾರ ಬಿಟ್ಟು ಯಾವ ದಿನವಾದರೂ ಸರಿ, ಸಂಜೆ ನಾಲ್ಕರ ಮೇಲೆ ಬಂದರೆ ಬೆಂಚು ಖಾಲಿ ಇರುತ್ತದೆ.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಮಾಲೀಕರು ಮತ್ತು ಬೆಂಚಿನ ಕೆಲಸಗಾರರು
ಜೆ.ಸಿ. ರಸ್ತೆ, ಬೆಂಗಳೂರು