ವಾರಕ್ಕೊಮ್ಮೆ ಒಂದು ಮರ ನೋಡೋಣ

ಪ್ರೀತಿಯ ಪೋಷಕರೇ, ನಮಸ್ಕಾರ.

ಮೊನ್ನೆ ಆರನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಳು. “ಮೇಡಂ, ನಮ್ಮ ಬೀದಿ ಹೊಂಗೆಮರದಲ್ಲಿ ಒಂದೂ ಹೂ ಇಲ್ಲ. ಏನು ಬರೀಲಿ?” ಎಂದಳು. “ಇಲ್ಲ ಅಂತಲೇ ಬರಿ” ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ನಿಮ್ಮಲ್ಲಿ ಹಲವರೂ ಇದನ್ನೇ ಕೇಳಿದ್ದೀರಿ. ಅದಕ್ಕೇ ಈ ಪತ್ರ.

ಜೂನ್‌ನಿಂದ ನಮ್ಮ ಮಕ್ಕಳು ಸೀಸನ್‌ವಾಚ್‌ನಲ್ಲಿ ಸೇರಿಕೊಂಡಿದ್ದಾರೆ. 2010ರಲ್ಲಿ ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಮತ್ತು ವನ್ಯಜೀವಿ ಸಂರಕ್ಷಣೆಯ ಸಂಸ್ಥೆ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಶುರು ಮಾಡಿದ ಕೆಲಸ ಇದು. ಯಾರು ಬೇಕಾದರೂ ಒಂದು ಮರ ಆರಿಸಿಕೊಂಡು, ಅದರ ಎಲೆ, ಹೂ, ಕಾಯಿಗಳನ್ನು ವಾರವಾರ ನೋಡಿ ಬರೆಯಬಹುದು. ಕೇರಳದ ಶಾಲೆಮಕ್ಕಳು ಇದರಲ್ಲಿ ತುಂಬ ಮುಂದಿದ್ದಾರೆ. ಮರಗಳು ಚಿಗುರುವ, ಹೂ ಬಿಡುವ ಕಾಲ ಹಿಂದೆಮುಂದೆ ಆಗುತ್ತಿದೆಯೇ ಎಂದು ತಿಳಿಯಲು ಬಹಳ ವರ್ಷಗಳ, ಊರೂರಿನ ಲೆಕ್ಕ ಬೇಕು. ವಿಜ್ಞಾನಿಗಳು ಎಷ್ಟು ಬೀದಿ ಅಂತ ಸುತ್ತುತ್ತಾರೆ?

ಟಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬೆಂಗಳೂರೆಲ್ಲ ಫೋಟೋ ತೆಗೆಯುತ್ತದೆ. ಉಳಿದ ತಿಂಗಳು ಆ ಮರವನ್ನು ಯಾರೂ ನೋಡುವುದಿಲ್ಲ. ಆದರೆ ಹೂ ಯಾವಾಗ ಶುರುವಾಯಿತು ಎಂದು ಹೇಳಬೇಕಾದರೆ, ಹಿಂದಿನ ವಾರ ಹೂ ಇರಲಿಲ್ಲ ಎಂದು ಯಾರಾದರೂ ನೋಡಿರಬೇಕು ಅಲ್ವಾ? ಆ ಹುಡುಗಿಯ ‘ಇಲ್ಲ’ಕ್ಕೆ ಇರುವ ಬೆಲೆ ಅದು. ಯುಗಾದಿ ಹೊತ್ತಿಗೆ ಅವಳ ಹೊಂಗೆ ಚಿಗುರಿದಾಗ ಈ ಪುಟಗಳೇ ಕೆಲಸಕ್ಕೆ ಬರುತ್ತವೆ.

‘ಇಲ್ಲ’ ಬೇರೆ, ಖಾಲಿ ಬೇರೆ. ನೋಡಿದೆವು, ಹೂ ಇರಲಿಲ್ಲ ಎಂದರೆ ‘ಇಲ್ಲ’. ನೋಡಲು ಹೋಗಲೇ ಇಲ್ಲ ಎಂದರೆ ಆ ಜಾಗ ಖಾಲಿ ಇರಲಿ. ಕೆಲವು ನೋಟ್‌ಬುಕ್‌ಗಳಲ್ಲಿ ನಾಲ್ಕು ವಾರದ್ದನ್ನು ಒಂದೇ ಸಲ ಕೂತು ಬರೆದ ಹಾಗಿತ್ತು, ಅಕ್ಷರವೂ ದೊಡ್ಡವರದು. ದಯವಿಟ್ಟು ಹಾಗೆ ಮಾಡಬೇಡಿ. ಇದಕ್ಕೆ ಅಂಕ ಇಲ್ಲ. ಖಾಲಿ ಬಿಟ್ಟಿದ್ದಕ್ಕೆ ಯಾವ ಮಗುವನ್ನೂ ನಾವು ಬೈಯುವುದಿಲ್ಲ.

ಇದೆಲ್ಲ ಸುಮ್ನೆ ಮಕ್ಕಳಾಟ ಅನ್ನಿಸಿದರೆ ಹಕ್ಕಿಗಳ ಕಡೆ ನೋಡಿ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯಲ್ಲಿ 942 ಜಾತಿಗಳ ಲೆಕ್ಕವಿದೆ. ಸುಮಾರು 30,000 ಪಕ್ಷಿವೀಕ್ಷಕರು ಬರೆದಿಟ್ಟ ಟಿಪ್ಪಣಿಗಳ ಮೇಲೆ ಅದು ನಿಂತಿದೆ. ಅವರಲ್ಲಿ ಬಹಳಷ್ಟು ಜನ ನಮ್ಮ ನಿಮ್ಮಂಥವರು.

ನಿಮ್ಮಿಂದ ಬೇಕಾದ್ದು ವಾರಕ್ಕೆ ಐದು ನಿಮಿಷ. ಮಗುವಿನ ಜೊತೆ ಮರದ ಕೆಳಗೆ ನಿಂತುಕೊಳ್ಳಿ. ಉತ್ತರ ಹೇಳಿಕೊಡಬೇಡಿ, ಅದೇ ನೋಡಲಿ. ಮರದ ಹೆಸರು ಗೊತ್ತಿಲ್ಲದಿದ್ದರೆ ಮನೆಯ ಅಜ್ಜಿ ತಾತನನ್ನು ಕೇಳಿ, ಇಲ್ಲವೇ ಆ ನೆರಳಲ್ಲೇ ಕೂತು ಹೂ ಮಾರುವ ಅಮ್ಮನನ್ನು ಕೇಳಿ. ದಿನವಿಡೀ ಆ ಮರವನ್ನು ನೋಡುವವರು ಅವರೇ. ಕೊಂಬೆ ಬಗ್ಗಿಸುವುದು, ಹೂ ಕೀಳುವುದು ಬೇಡ. ಮರವನ್ನೇ ಕಡಿದಿದ್ದರೆ, ಆ ತಾರೀಕನ್ನೂ ಬರೆಯಿರಿ. ಆನ್‌ಲೈನ್‌ನಲ್ಲಿ ಸೇರಿಸುವ ಕೆಲಸ ಟೀಚರ್‌ಗಳದ್ದು. ಮಕ್ಕಳ ಹೆಸರು, ಫೋಟೋ ಎಲ್ಲೂ ಹಾಕುವುದಿಲ್ಲ.

ಈ ಶನಿವಾರ ಶಾಲೆ ಬಿಟ್ಟ ಮೇಲೆ ಗೇಟಿನ ಪಕ್ಕದ ಮಳೆಮರದ ಕೆಳಗೆ ನಾನಿರುತ್ತೇನೆ. ಹೇಗೆ ನೋಡಬೇಕು ಎಂಬ ಅನುಮಾನ ಇದ್ದವರು ಬನ್ನಿ, ಒಟ್ಟಿಗೆ ನೋಡೋಣ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ